ಹಾಲೆ ಮರದಿಂದ ಕಾಲೇಜಿನವರೆಗೆ

ಆಟಿ ಅಮಾವಾಸ್ಯೆಯ ಮುಂಜಾವು. ಹೊರಗೆ ಇನ್ನೂ ಕತ್ತಲು. ಮಳೆ ಹನಿಯುತ್ತಿದೆ. ತುಳುನಾಡಿನ ಮನೆಯ ಹಿರಿಯರೊಬ್ಬರು ಕೈಯಲ್ಲಿ ಒಂದು ಕಲ್ಲು ಹಿಡಿದು ಹೊರಡುತ್ತಾರೆ. ಕತ್ತಿ ಒಯ್ಯುವಂತಿಲ್ಲ. ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದಲೇ ಜಜ್ಜಿ ತೆಗೆದು, ಸೂರ್ಯ ಮೂಡುವ ಮೊದಲು ಮನೆಗೆ ತರಬೇಕು ಎಂಬುದು ವಾಡಿಕೆ. ತೊಗಟೆಯನ್ನು ಅರೆದು ರಸ ತೆಗೆದು, ಓಮ, ಬೆಳ್ಳುಳ್ಳಿ, ಕರಿಮೆಣಸು ಸೇರಿಸಿ, ಕೆಂಡದಲ್ಲಿ ಕಾಯಿಸಿದ ಬಿಳಿ ಕಲ್ಲನ್ನು ಅದರಲ್ಲಿ ಅದ್ದುತ್ತಾರೆ. ಮನೆಮಂದಿಯೆಲ್ಲ ಬರಿಹೊಟ್ಟೆಯಲ್ಲಿ ಅದನ್ನು ಕುಡಿಯುತ್ತಾರೆ. ಆಮೇಲೆ ಮೆಂತೆ ಗಂಜಿ. ನೀವು ದಕ್ಷಿಣ ಕನ್ನಡದವರಾಗಿದ್ದರೆ ಆ ಕಹಿ ನಿಮ್ಮ ನಾಲಿಗೆಗೆ ಗೊತ್ತಿರುತ್ತದೆ.

ತುಳುವಿನಲ್ಲಿ ಇದು ಪಾಲೆ ಮರ. ಸಂಸ್ಕೃತದಲ್ಲಿ ಸಪ್ತಪರ್ಣ. ಸಸ್ಯವಿಜ್ಞಾನದಲ್ಲಿ ಆಲ್‌ಸ್ಟೋನಿಯ ಸ್ಕಾಲರಿಸ್. ಒಂದೊಂದು ಗೆಣ್ಣಿನಲ್ಲಿ ಸಾಮಾನ್ಯವಾಗಿ ಏಳು ಎಲೆಗಳು ಕೊಡೆಯಂತೆ ಹರಡಿರುತ್ತವೆ. ತೊಗಟೆಗೆ ಗಾಯವಾದರೆ ಬಿಳಿ ಹಾಲು ಒಸರುತ್ತದೆ. ಈ ಎರಡು ಗುರುತುಗಳನ್ನು ನೆನಪಿಡಿ. ಏಕೆಂದರೆ ನಮ್ಮ ಕಾಡುಗಳಲ್ಲಿ ಕಾಸರಕ ಎಂಬ ಇನ್ನೊಂದು ಮರವೂ ಇದೆ. ಅದರ ತೊಗಟೆಯಲ್ಲೂ ಬೀಜದಲ್ಲೂ ಪ್ರಾಣಾಂತಕವಾದ ವಿಷವಿದೆ. ಅದಕ್ಕೆ ಹಾಲಿಲ್ಲ, ಎಲೆಗಳು ಎದುರುಬದುರಾಗಿ ಜೋಡಿಯಾಗಿರುತ್ತವೆ. ಕತ್ತಲಲ್ಲಿ ಒಂದು ಮರವನ್ನು ಇನ್ನೊಂದೆಂದು ತಿಳಿದರೆ ಮದ್ದೇ ಮೃತ್ಯುವಾದೀತು.

ಹಾಗಾದರೆ ಮರವನ್ನು ಗುರುತಿಸುವ ಅರಿವು ಎಲ್ಲಿರಬೇಕು? ಒಬ್ಬ ಹಿರಿಯರ ನೆನಪಿನಲ್ಲಿದ್ದರೆ ಸಾಕೇ? ಈ ಸಣ್ಣ ಪ್ರಶ್ನೆಯ ಹಿಂದೆ ಒಂದು ದೊಡ್ಡ ಇತಿಹಾಸವಿದೆ.

ಊರು ಬದಲಾದಾಗ

ಮಂಗಳೂರಿನ ಉತ್ತರಕ್ಕೆ, ಸುರತ್ಕಲ್ ಬಳಿ ಕಾಟಿಪಳ್ಳ ಇದೆ. ಅಲ್ಲಿ ವಿಳಾಸ ಕೇಳಿದರೆ ಜನ ಬೀದಿಯ ಹೆಸರು ಹೇಳುವುದಕ್ಕಿಂತ ಬ್ಲಾಕಿನ ಸಂಖ್ಯೆ ಹೇಳುವುದೇ ಹೆಚ್ಚು. ಇದಕ್ಕೆ ಕಾರಣವಿದೆ. 1960ರ ದಶಕದಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರಿನ ಕೆಲಸ ಆರಂಭವಾದಾಗ ಅಲ್ಲಿನ ಮನೆ, ಗದ್ದೆ, ತೋಟಗಳನ್ನು ಬಿಟ್ಟುಕೊಟ್ಟ ಕುಟುಂಬಗಳಿಗೆ ಕಾಟಿಪಳ್ಳ ಮತ್ತು ಪಕ್ಕದ ಕೃಷ್ಣಾಪುರದಲ್ಲಿ ನಿವೇಶನಗಳನ್ನು ಕೊಡಲಾಯಿತು. 1975ರ ಜನವರಿಯಲ್ಲಿ ಬಂದರಿನ ಉದ್ಘಾಟನೆಯಾಯಿತು.

ಊರು ಬಿಟ್ಟು ಹೊರಡುವವರು ಪಾತ್ರೆ, ಪೆಟ್ಟಿಗೆ, ದೇವರ ಪಟ ಒಯ್ಯಬಹುದು. ಮರವನ್ನು ಒಯ್ಯಲಾಗದು. ಯಾವ ಬೇಲಿಯ ಮೂಲೆಯಲ್ಲಿ ಯಾವ ಬಳ್ಳಿಯಿದೆ, ಯಾವ ತೋಡಿನ ದಡದ ಸೊಪ್ಪು ಯಾವ ಕಾಯಿಲೆಗೆ ಎಂಬ ತಿಳಿವು ನೆಲಕ್ಕೆ ಅಂಟಿಕೊಂಡ ತಿಳಿವು. ನೆಲ ತಪ್ಪಿದಾಗ ಅದರಲ್ಲಿ ಒಂದಷ್ಟು ತಾನಾಗಿಯೇ ಕಳೆದುಹೋಗುತ್ತದೆ. ಉಳಿದದ್ದೂ ಅಜ್ಜ ಅಜ್ಜಿಯರೊಡನೆ ಹೋಗಿಬಿಡುತ್ತದೆ. ಬಂದರು, ಅಣೆಕಟ್ಟು, ನಗರದ ಬೆಳವಣಿಗೆ, ಕಾರಣ ಯಾವುದೇ ಇರಲಿ, ನಾಟಿವೈದ್ಯಕ್ಕೆ ಒದಗುವ ಕಷ್ಟ ಇದೇ.

ಬರೆದಿಡುವುದು ಇದಕ್ಕೆ ಮೊದಲ ಪರಿಹಾರ. ನಮ್ಮ ಕರಾವಳಿಯಲ್ಲಿ ಅದಕ್ಕೊಂದು ಹಳೆಯ ಉದಾಹರಣೆಯಿದೆ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಎಂಬಾತ ಮಲಬಾರಿನ ಗಿಡಮೂಲಿಕೆಗಳ ಬಗ್ಗೆ 12 ಸಂಪುಟಗಳ ‘ಹೊರ್ಟಸ್ ಮಲಬಾರಿಕಸ್’ ಎಂಬ ಗ್ರಂಥವನ್ನು ಸಿದ್ಧಪಡಿಸಿದ. ಅದು 1678ರಿಂದ 1693ರವರೆಗೆ ಆಂಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಅವನಿಗೆ ಗಿಡಗಳ ಗುಣ ತಿಳಿಸಿದವರು ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯರು ಮತ್ತು ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರು. ಇವರು ಕೊಂಕಣಿಯಲ್ಲಿ ಬರೆದುಕೊಟ್ಟ ಪ್ರಮಾಣಪತ್ರ ಆ ಗ್ರಂಥದಲ್ಲೇ ಮುದ್ರಣಗೊಂಡಿದೆ. ನಮ್ಮ ಹಾಲೆ ಮರವೂ ಅದರಲ್ಲಿ ಚಿತ್ರಸಮೇತ ಇದೆ. ಆದರೆ ಪುಸ್ತಕ ಲ್ಯಾಟಿನ್ ಭಾಷೆಯಲ್ಲಿತ್ತು. ತಿಳಿವು ಉಳಿಯಿತು, ಆದರೆ ಅದನ್ನು ಕೊಟ್ಟವರ ಮಕ್ಕಳಿಗೆ ಓದಲು ಸಿಗಲಿಲ್ಲ. ಬರೆದಿಟ್ಟರೆ ಸಾಲದು, ಕಲಿಸಲೂ ಬೇಕು.

ಮೈಸೂರು, ಮದರಾಸು, ಉಡುಪಿ

ಹಿಂದೆ ವೈದ್ಯವಿದ್ಯೆಯನ್ನು ಗುರುಗಳ ಮನೆಯಲ್ಲಿದ್ದು ಕಲಿಯುತ್ತಿದ್ದರು. ಬ್ರಿಟಿಷರು ಕಲ್ಕತ್ತದ ಸಂಸ್ಕೃತ ಕಾಲೇಜಿನಲ್ಲಿ ಕೆಲವು ವರ್ಷ ಆಯುರ್ವೇದದ ತರಗತಿ ನಡೆಸಿದ್ದುಂಟು. 1835ರಲ್ಲಿ ಕಲ್ಕತ್ತ ಮೆಡಿಕಲ್ ಕಾಲೇಜು ತೆರೆದಾಗ ಆ ತರಗತಿ ಮುಚ್ಚಿತು. ಸ್ವಾರಸ್ಯವೆಂದರೆ, ಹೊಸ ಕಾಲೇಜಿನಲ್ಲಿ 1836ರಲ್ಲಿ ಶವಚ್ಛೇದನಕ್ಕೆ ಕೈಯಿಟ್ಟ ಮೊದಲಿಗರಲ್ಲಿ ಮಧುಸೂದನ ಗುಪ್ತರಿದ್ದರು. ಅವರು ಆಯುರ್ವೇದ ಪಂಡಿತರು. ಶವವನ್ನು ಹರಿಯುವ ನೀರಿನಲ್ಲಿ ಏಳು ರಾತ್ರಿ ನೆನೆಯಿಟ್ಟು, ಪದರಪದರವಾಗಿ ಉಜ್ಜಿ ನೋಡಿ ಕಲಿಯಬೇಕೆಂದು ಸುಶ್ರುತ ಸಂಹಿತೆ ಹೇಳಿತ್ತು. ನಡುವಿನ ಶತಮಾನಗಳಲ್ಲಿ ನಾವು ಗ್ರಂಥವನ್ನು ಉಳಿಸಿಕೊಂಡು ನೋಡುವ ಅಭ್ಯಾಸವನ್ನು ಬಿಟ್ಟಿದ್ದೆವು.

ಸರಕಾರದ ಬೆಂಬಲವಿಲ್ಲದ ಆ ಕಾಲದಲ್ಲಿ ಮೈಸೂರು ಸಂಸ್ಥಾನ ಬೇರೆ ದಾರಿ ಹಿಡಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1908ರಲ್ಲಿ, ಮೈಸೂರಿನಲ್ಲಿ ಆಯುರ್ವೇದ ಕಾಲೇಜು ಸ್ಥಾಪನೆಯಾಯಿತು. ಮರುವರ್ಷವೇ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೂ ಸ್ಥಾಪನೆಯಾಯಿತು ಎಂಬುದನ್ನು ಗಮನಿಸಿ. ಹಳೆಯ ವಿದ್ಯೆ, ಹೊಸ ವಿದ್ಯೆ ಎರಡಕ್ಕೂ ಒಂದೇ ಸಂಸ್ಥಾನದಲ್ಲಿ ಮನೆ ಸಿಕ್ಕಿತು. ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ಹೋದವರು ಆ ಕಾಲೇಜಿನ ಭವ್ಯ ಕಟ್ಟಡವನ್ನು ನೋಡಿರುತ್ತೀರಿ.

ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಅಲ್ಲಿನ ಸರಕಾರ ದೇಶೀಯ ವೈದ್ಯಪದ್ಧತಿಗಳ ವಿಚಾರವಾಗಿ 1921ರಲ್ಲಿ ಮಹಮ್ಮದ್ ಉಸ್ಮಾನರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಆ ಸಮಿತಿಯ ವರದಿಯ ಫಲವಾಗಿ 1925ರಲ್ಲಿ ಮದರಾಸಿನಲ್ಲಿ ಸರಕಾರಿ ಭಾರತೀಯ ವೈದ್ಯ ಶಾಲೆ ತೆರೆಯಿತು. ಕರಾವಳಿಯಲ್ಲೇ ಇಂಥ ಕಾಲೇಜು ಬಂದದ್ದು 1958ರಲ್ಲಿ, ಉಡುಪಿಯಲ್ಲಿ. ಮುಂದೆ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಸಂಸ್ಥೆಯ ಆಡಳಿತಕ್ಕೆ ಬಂದ ಆ ಕಾಲೇಜು ಕುತ್ಪಾಡಿಯಲ್ಲಿದೆ. 1967ರಲ್ಲಿ ಗುಜರಾತಿನ ಜಾಮನಗರದಲ್ಲಿ ಆಯುರ್ವೇದಕ್ಕೇ ಮೀಸಲಾದ ವಿಶ್ವವಿದ್ಯಾಲಯ ಆರಂಭವಾಯಿತು. 1970ರ ಕಾನೂನು ದೇಶಕ್ಕೆಲ್ಲ ಒಂದೇ ಪಠ್ಯಕ್ರಮಕ್ಕೆ ದಾರಿಮಾಡಿತು.

ಕಾಲೇಜಿಗೆ ಬಂದದ್ದರಿಂದ ಏನು ಬದಲಾಯಿತು? ಒಂದನೆಯದು, ಗುಟ್ಟು ಬಯಲಾಯಿತು. ತಂದೆ ಮಗನಿಗೆ ಮಾತ್ರ ಹೇಳುತ್ತಿದ್ದ ಮದ್ದನ್ನು ಯಾರ ಮಗಳಾದರೂ ಕಲಿಯಬಹುದಾಯಿತು. ಎರಡನೆಯದು, ದ್ರವ್ಯಗುಣ ಎಂಬ ವಿಷಯದಲ್ಲಿ ವಿದ್ಯಾರ್ಥಿ ಗಿಡವನ್ನು ಕೈಯಲ್ಲಿ ಹಿಡಿದು, ಹಗಲು ಬೆಳಕಿನಲ್ಲಿ ಗುರುತಿಸಿ, ಅದರ ಸಸ್ಯಶಾಸ್ತ್ರೀಯ ಹೆಸರನ್ನೂ ಬರೆಯಬೇಕು. ಹಾಲೆಯೋ ಕಾಸರಕವೋ ಎಂಬ ಅನುಮಾನಕ್ಕೆ ಅಲ್ಲಿ ಉತ್ತರ ಸಿಗುತ್ತದೆ. ಮೂರನೆಯದು, ಆಸ್ಪತ್ರೆಯ ದಾಖಲೆ. ಗುಣವಾದವರ ಜೊತೆಗೆ ಗುಣವಾಗದವರ ಲೆಕ್ಕವೂ ಅಲ್ಲಿರಬೇಕು. ಮನೆಮದ್ದಿನ ಕಥೆಗಳಲ್ಲಿ ಗುಣವಾದವರು ಮಾತ್ರ ಬರುತ್ತಾರೆ. ಉಳಿದವರು ಮರೆತುಹೋಗುತ್ತಾರೆ.

ಚೀನಾದ ದಾರಿ

ಇದೇ ಪ್ರಶ್ನೆ ಚೀನಾದಲ್ಲೂ ಎದ್ದಿತ್ತು. ಅಲ್ಲಿಯೂ ಸಾವಿರಾರು ವರ್ಷಗಳ ವೈದ್ಯಪರಂಪರೆಯಿದೆ. 1929ರಲ್ಲಿ ಅದನ್ನು ನಿಲ್ಲಿಸಿಬಿಡಬೇಕೆಂಬ ಪ್ರಸ್ತಾವ ಸರಕಾರದ ಮುಂದೆ ಬಂದಿತು. ಮಾರ್ಚ್ 17ರಂದು ವೈದ್ಯರು ಶಾಂಘಾಯಿಯಲ್ಲಿ ಸಭೆ ಸೇರಿ ಪ್ರತಿಭಟಿಸಿದರು. ಪ್ರಸ್ತಾವ ಜಾರಿಗೆ ಬರಲಿಲ್ಲ. 1956ರಲ್ಲಿ ಬೀಜಿಂಗ್, ಶಾಂಘಾಯಿ, ಗುವಾಂಗ್‌ಝೌ, ಚೆಂಗ್ಡು ಈ ನಾಲ್ಕು ನಗರಗಳಲ್ಲಿ ಚೀನೀ ವೈದ್ಯದ ಕಾಲೇಜುಗಳನ್ನು ಸರಕಾರವೇ ತೆರೆಯಿತು. ಬೀಜಿಂಗಿನ ಕಾಲೇಜು 1993ರಲ್ಲಿ ವಿಶ್ವವಿದ್ಯಾಲಯವೆಂಬ ಹೆಸರು ಪಡೆಯಿತು. ಅದಕ್ಕೂ ಮೊದಲೇ, 1955ರಲ್ಲಿ, ಬೀಜಿಂಗಿನಲ್ಲಿ ಇದೇ ವಿಷಯದ ಸಂಶೋಧನೆಗಾಗಿ ಒಂದು ಅಕಾಡೆಮಿ ಸ್ಥಾಪನೆಯಾಗಿತ್ತು. ನಮ್ಮ ಕಥೆ ಈಗ ಅಲ್ಲಿಗೆ ಹೋಗುತ್ತದೆ.

ಆ ಅಕಾಡೆಮಿಯಲ್ಲಿ ಟು ಯುಯು ಎಂಬ ಮಹಿಳೆಯಿದ್ದರು. ಅವರು ಓದಿದ್ದು ಆಧುನಿಕ ಔಷಧಶಾಸ್ತ್ರ. ನಂತರ ಎರಡೂವರೆ ವರ್ಷ ಚೀನೀ ವೈದ್ಯವನ್ನೂ ಕಲಿತರು. ಆಗ ಹಳೆಯ ಔಷಧವಾದ ಕ್ಲೋರೋಕ್ವಿನ್‌ಗೆ ಮಲೇರಿಯಾ ರೋಗಾಣು ಬಗ್ಗದಂತಾಗಿತ್ತು. ಹೊಸ ಮದ್ದು ಹುಡುಕಲು ಚೀನಾ ಸರಕಾರ 1967ರ ಮೇ 23ರಂದು ಒಂದು ಗುಪ್ತ ಯೋಜನೆ ಆರಂಭಿಸಿತು. 1969ರಲ್ಲಿ ಟು ಯುಯು ಅದಕ್ಕೆ ಸೇರಿದರು. ಅವರ ತಂಡ 2000ಕ್ಕೂ ಹೆಚ್ಚು ಹಳೆಯ ಮದ್ದುಗಳ ವಿವರ ಕಲೆಹಾಕಿತು. ಸುಮಾರು 200 ಮೂಲಿಕೆಗಳಿಂದ 380ರಷ್ಟು ಸಾರಗಳನ್ನು ತೆಗೆದು ಇಲಿಗಳ ಮೇಲೆ ಪರೀಕ್ಷಿಸಿತು. ಚಿಂಗ್‌ಹಾವ್ ಎಂಬ ಗಿಡ ಒಮ್ಮೆ ಫಲ ಕೊಟ್ಟಿತು, ಮತ್ತೊಮ್ಮೆ ಕೊಡಲಿಲ್ಲ.

ಏಕೆ? ಅವರು ಮತ್ತೆ ಹಳೆಯ ಗ್ರಂಥ ತೆರೆದರು. ನಾಲ್ಕನೆಯ ಶತಮಾನದ ಗೆ ಹೊಂಗ್ ಎಂಬ ವೈದ್ಯ, ಈ ಗಿಡವನ್ನು ನೀರಿನಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಬೇಕೆಂದು ಬರೆದಿದ್ದ. ಕುದಿಸಲು ಹೇಳಿರಲಿಲ್ಲ! ಬಿಸಿಯಿಂದ ಸತ್ವ ಕೆಡುತ್ತಿರಬಹುದೆಂದು ಟು ಯುಯು ಊಹಿಸಿದರು. ಕಡಿಮೆ ಉಷ್ಣತೆಯಲ್ಲಿ ಕುದಿಯುವ ಈಥರ್ ಬಳಸಿ ಸಾರ ತೆಗೆದರು. 1971ರ ಅಕ್ಟೋಬರಿನಲ್ಲಿ 191ನೆಯ ಮಾದರಿ ಇಲಿಗಳ ಮಲೇರಿಯಾವನ್ನು ಪೂರ್ತಿಯಾಗಿ ತಡೆಯಿತು. 1972ರಲ್ಲಿ ಅವರೂ ಸಹೋದ್ಯೋಗಿಗಳೂ ಮೊದಲು ತಾವೇ ಅದನ್ನು ಸೇವಿಸಿ, ಅಪಾಯವಿಲ್ಲವೆಂದು ಕಂಡ ಮೇಲೆ ರೋಗಿಗಳಿಗೆ ಕೊಟ್ಟರು. ಅದೇ ವರ್ಷ ಶುದ್ಧ ಸತ್ವ ದೊರೆಯಿತು. ಅದೇ ಆರ್ಟಿಮಿಸಿನಿನ್. 2015ರಲ್ಲಿ ಟು ಯುಯು ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಗ್ರಂಥ ಒಂದು ಸುಳಿವು ಕೊಟ್ಟಿತು. ಪ್ರಯೋಗಶಾಲೆ ಅದನ್ನು ಔಷಧವನ್ನಾಗಿ ಮಾಡಿತು. ಎರಡರಲ್ಲಿ ಒಂದಿಲ್ಲದಿದ್ದರೂ ಈ ಮದ್ದು ನಮಗೆ ಸಿಗುತ್ತಿರಲಿಲ್ಲ.

ಮತ್ತೆ ನಮ್ಮೂರಿಗೆ

ಮಲೇರಿಯಾ ಮಂಗಳೂರಿಗೆ ದೂರದ ಮಾತಲ್ಲ. 1990ರ ದಶಕದಲ್ಲಿ ನಗರ ವೇಗವಾಗಿ ಬೆಳೆದಂತೆ ಕಟ್ಟಡಗಳ ತಾರಸಿ, ನೀರಿನ ಟ್ಯಾಂಕಿ, ಬಾವಿಗಳಲ್ಲಿ ಅನಾಫಿಲಿಸ್ ಸೊಳ್ಳೆಗಳು ಬೆಳೆದು ಜ್ವರ ಹರಡಿತು. ವರ್ಷ ವರ್ಷವೂ ಸಾವಿರಾರು ಜನ ಹಾಸಿಗೆ ಹಿಡಿದರು. 2015ರಿಂದ ಪ್ರತಿಯೊಂದು ಪ್ರಕರಣವನ್ನೂ ಕಂಪ್ಯೂಟರಿನಲ್ಲಿ ದಾಖಲಿಸಿ, ಆ ಮನೆಯ ಸುತ್ತ ಸೊಳ್ಳೆ ಹುಡುಕುವ ಕ್ರಮ ಬಂದ ಮೇಲೆ ಸಂಖ್ಯೆ ಬಹಳ ಇಳಿಯಿತು. ಅಪಾಯಕಾರಿಯಾದ ಫಾಲ್ಸಿಪಾರಂ ಮಲೇರಿಯಾ ಬಂದವರಿಗೆ ಕೊಡುವ ಮಾತ್ರೆಗಳಲ್ಲಿ ಆರ್ಟಿಮಿಸಿನಿನ್‌ನಿಂದ ಪಡೆದ ಔಷಧವಿದೆ. ಚೀನಾದ ಹಳೆಯ ಗ್ರಂಥದ ಒಂದು ಸಾಲಿನ ಸುಳಿವು ನಮ್ಮ ಕರಾವಳಿಯ ಮನೆಗಳನ್ನೂ ತಲುಪಿದೆ.

ಹಾಗೆಂದು ಆ ಗಿಡದ ಕಷಾಯ ಕುಡಿದರೆ ಸಾಕೇ? ಸಾಲದು. ಕಷಾಯದಲ್ಲಿ ಸತ್ವದ ಪ್ರಮಾಣ ಒಂದೇ ಸಮನಾಗಿರದು. ಕಡಿಮೆಯಾದರೆ ರೋಗಾಣು ಸಾಯದೆ, ಔಷಧವನ್ನೇ ಎದುರಿಸಲು ಕಲಿಯುತ್ತದೆ. ಆದ್ದರಿಂದ ವಿಶ್ವ ಆರೋಗ್ಯ ಸಂಸ್ಥೆ ಆ ಕಷಾಯ ಬೇಡವೆನ್ನುತ್ತದೆ.

ನಮ್ಮ ಹಾಲೆ ತೊಗಟೆಯ ಸಂಗತಿಯೇನು? ಆಯುರ್ವೇದದಲ್ಲಿ ಅದು ಬಿಟ್ಟು ಬಿಟ್ಟು ಬರುವ ವಿಷಮಜ್ವರದ ಮದ್ದು. 19ನೆಯ ಶತಮಾನದಲ್ಲಿ ಕ್ವಿನೀನ್‌ಗೆ ಬದಲಿಯಾದೀತೇ ಎಂದು ಐರೋಪ್ಯರೂ ಅದನ್ನು ಪರೀಕ್ಷಿಸಿದರು. ಅದರಲ್ಲಿ ಅನೇಕ ಆಲ್ಕಲಾಯ್ಡುಗಳಿವೆ. ಆದರೆ ಕ್ವಿನೀನ್‌ನ ಸ್ಥಾನ ಅದಕ್ಕೆ ಸಿಗಲಿಲ್ಲ. ಹೀಗೆ ಹೇಳಿದರೆ ನಮ್ಮ ಹಿರಿಯರಿಗೆ ಅವಮಾನವಲ್ಲ. ಟು ಯುಯು ಪರೀಕ್ಷಿಸಿದ ಆ ಸುಮಾರು 200 ಮೂಲಿಕೆಗಳಲ್ಲೂ ಗೆದ್ದದ್ದು ಒಂದೇ. ಪರೀಕ್ಷೆಗೆ ನಿಲ್ಲುವುದೇ ಹಳೆಯ ವಿದ್ಯೆಗೆ ಸಲ್ಲುವ ಗೌರವ. ನಮ್ಮ ಗ್ರಂಥಗಳಲ್ಲಿ ಎಲ್ಲವೂ ಇದೆ ಎನ್ನುವವರೂ, ಅದೆಲ್ಲ ಮೂಢನಂಬಿಕೆ ಎನ್ನುವವರೂ ಒಂದೇ ತಪ್ಪು ಮಾಡುತ್ತಾರೆ. ಇಬ್ಬರೂ ಗ್ರಂಥವನ್ನು ತೆರೆದು ನೋಡುವುದಿಲ್ಲ.

ನಿಮ್ಮಿಂದ ಆಗುವ ಕೆಲಸ ಒಂದಿದೆ. ಮನೆಯ ಹಿರಿಯರಿಗೆ ಗೊತ್ತಿರುವ ಹತ್ತು ಗಿಡಗಳನ್ನು ಹಗಲಿನಲ್ಲಿ ಅವರ ಜೊತೆ ಹೋಗಿ ನೋಡಿ. ಎಲೆಯನ್ನು ಕಾಗದದ ನಡುವೆ ಒತ್ತಿ ಒಣಗಿಸಿ. ತುಳು, ಕೊಂಕಣಿ, ಬ್ಯಾರಿ, ಕನ್ನಡ, ಮನೆಯಲ್ಲಿ ಯಾವ ಮಾತಿದೆಯೋ ಆ ಹೆಸರನ್ನು ಬರೆಯಿರಿ. ಸಸ್ಯಶಾಸ್ತ್ರೀಯ ಹೆಸರನ್ನು ಅಧ್ಯಾಪಕರನ್ನು ಕೇಳಿ ತುಂಬಿ. ಯಾವುದನ್ನೂ ನೀವಾಗಿ ಕುಡಿದು ನೋಡಬೇಡಿ. ಜ್ವರ ಬಂದರೆ ಮೊದಲು ರಕ್ತಪರೀಕ್ಷೆ ಮಾಡಿಸಿ.

ಹಾಲೆ ಮರದ ವೈಜ್ಞಾನಿಕ ಹೆಸರಿನಲ್ಲಿರುವ ಸ್ಕಾಲರಿಸ್ ಎಂಬ ಪದಕ್ಕೆ ಶಾಲೆಗೆ ಸಂಬಂಧಿಸಿದ್ದು ಎಂದರ್ಥ. ಹಿಂದೆ ಅದರ ಮೆತ್ತನೆಯ ಮರದಿಂದ ಶಾಲಾಮಕ್ಕಳ ಬರೆಯುವ ಹಲಗೆ ಮಾಡುತ್ತಿದ್ದರು. ಅದಕ್ಕೇ ಈ ಹೆಸರು. ತೊಗಟೆ ಮದ್ದಿಗೆ, ಒಳಗಿನ ಮರ ಅಕ್ಷರಕ್ಕೆ. ನಮ್ಮ ಹಿರಿಯರು ತೊಗಟೆಯನ್ನು ಜೋಪಾನ ಮಾಡಿ ಕೊಟ್ಟಿದ್ದಾರೆ. ಹಲಗೆಯ ಮೇಲೆ ಬರೆಯುವ ಕೆಲಸ ನಿಮ್ಮದು.