ಕ್ರಾಫರ್ಡ್ ಪ್ರಕರಣ: ಪುಣೆಯಲ್ಲಿ ಲಂಚದ ರುಜುವಾತು

ಆರ್ಥರ್ ಟ್ರಾವರ್ಸ್ ಕ್ರಾಫರ್ಡ್ 1888ರಲ್ಲಿ ಮುಂಬಯಿ ಪ್ರಾಂತದ ಮಧ್ಯ ವಿಭಾಗದ ಕಮಿಷನರ್. ಪುಣೆಯಲ್ಲಿ ಕುಳಿತು ಸಾತಾರಾ, ಸೊಲ್ಲಾಪುರ, ನಾಸಿಕ್, ಅಹಮದನಗರಗಳ ಆಡಳಿತವನ್ನೂ ನೋಡುತ್ತಿದ್ದ. ಮುಂಬಯಿಯ ಮೊದಲ ಮುನಿಸಿಪಲ್ ಕಮಿಷನರ್ ಅವನೇ. ಅಲ್ಲಿನ ಕ್ರಾಫರ್ಡ್ ಮಾರುಕಟ್ಟೆಗೆ ಅವನದೇ ಹೆಸರು. ಕೈ ತುಂಬ ಸಂಬಳ, ಅದನ್ನು ಮೀರಿದ ಸಾಲ. ತಾಲ್ಲೂಕಿನ ಕಂದಾಯಾಧಿಕಾರಿಗಳೂ ಮ್ಯಾಜಿಸ್ಟ್ರೇಟರೂ ಆದ ಮಾಮಲೇದಾರರಿಗೆ ಬಡ್ತಿ ಬೇಕೆಂದರೂ, ದೂರದ ತಾಲ್ಲೂಕಿನ ವರ್ಗಾವಣೆ ತಪ್ಪಬೇಕೆಂದರೂ ಹಣ ತೆರಬೇಕು, ಆ ಹಣ ಹಣಮಂತರಾವ್ ಎಂಬ ಮಧ್ಯವರ್ತಿಯ ಮೂಲಕ ಸಾಹೇಬನಿಗೆ ಮುಟ್ಟುತ್ತದೆ ಎಂಬುದು ಆರೋಪ.

ಹಣಮಂತರಾವನ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆದು ಶಿಕ್ಷೆಯಾಯಿತು. ಕ್ರಾಫರ್ಡನನ್ನು ಮಾತ್ರ ಸರ್ಕಾರ ಕ್ರಿಮಿನಲ್ ಕೋರ್ಟಿಗೆ ಒಯ್ಯಲಿಲ್ಲ. ಸರ್ಕಾರಿ ನೌಕರರ ವಿಚಾರಣೆಗೆಂದು 1850ರಲ್ಲಿ ಮಾಡಿದ್ದ ಕಾಯಿದೆಯಡಿ, ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿ ವಿಲ್ಸನ್ ಅಧ್ಯಕ್ಷತೆಯಲ್ಲಿ ಆಯೋಗ ನೇಮಿಸಿತು. ಅದು 1888ರ ಅಕ್ಟೋಬರಿನಿಂದ ಪುಣೆಯಲ್ಲಿ ವಿಚಾರಣೆ ನಡೆಸಿತು.

ಲಂಚ ಕಣ್ಣಿಗೆ ಬೀಳದಂತೆ ನಡೆಯುವ ವ್ಯವಹಾರ. ಅದನ್ನು ಕಂಡವರು ಕೊಟ್ಟವನು, ತೆಗೆದುಕೊಂಡವನು ಇಬ್ಬರೇ. ನಡುವೆ ದಲ್ಲಾಳಿ ಇದ್ದರೆ ಕೊಟ್ಟವನಿಗೂ ಕಾಣುವುದು ಅರ್ಧ ದಾರಿ ಮಾತ್ರ. ಕೊಟ್ಟವನನ್ನು ಕಾನೂನು ಅಪರಾಧದ ಪಾಲುದಾರನೆಂದೇ ಎಣಿಸುತ್ತದೆ. 1872ರ ಸಾಕ್ಷ್ಯ ಕಾಯಿದೆಯ ಪ್ರಕಾರ ಅಂಥವನ ಮಾತಿನ ಮೇಲೆಯೇ ಶಿಕ್ಷೆ ಕೊಡುವುದು ಕಾನೂನುಬಾಹಿರವಾಗಿರಲಿಲ್ಲ. ಆದರೆ ಬೇರೆ ಪುರಾವೆಯ ಬೆಂಬಲವಿಲ್ಲದೆ ಅದನ್ನು ನಂಬಲಾಗದೆಂದು ನ್ಯಾಯಾಲಯ ಭಾವಿಸಬಹುದಿತ್ತು. ಈ ಎರಡರ ನಡುವಿನ ಇಕ್ಕಟ್ಟಿನಲ್ಲಿಯೇ ಲಂಚದ ಮೊಕದ್ದಮೆಗಳು ಸೋಲುತ್ತ ಬಂದಿವೆ.

ಸಾಕ್ಷಿ ನುಡಿದರೆ ತಮ್ಮ ತಪ್ಪನ್ನೇ ಒಪ್ಪಿಕೊಂಡಂತೆ ಎಂದು ಮಾಮಲೇದಾರರು ಹೆದರಿದರು. ನಿಜ ಹೇಳಿದವರಿಗೆ ತೊಂದರೆ ಕೊಡುವುದಿಲ್ಲವೆಂದು ಗವರ್ನರ್ ಲಾರ್ಡ್ ರೇ ಅವರ ಮುಂಬಯಿ ಸರ್ಕಾರ ಅಭಯ ಕೊಟ್ಟಿತು. ಆ ಮಾತನ್ನು ನಂಬಿ ಅವರು ನುಡಿದರು. ಆಯೋಗ ಲಂಚದ ಆರೋಪಗಳು ರುಜುವಾತಾಗಲಿಲ್ಲವೆಂದಿತು. ಅಧೀನದ ಪ್ರದೇಶದವರಿಂದ ಸಾಲ ಪಡೆದದ್ದು ಮಾತ್ರ ಸಾಬೀತಾಯಿತು. ಅಷ್ಟರ ಮೇಲೆಯೇ ಕ್ರಾಫರ್ಡ್ ಹುದ್ದೆ ಕಳೆದುಕೊಂಡ.

ಬಳಿಕ ಪೆಟ್ಟು ಬಿದ್ದದ್ದು ಸಾಕ್ಷಿಗಳಿಗೆ. ಲಂಚ ಕೊಟ್ಟೆವೆಂದು ಒಪ್ಪಿದವರು ಮ್ಯಾಜಿಸ್ಟ್ರೇಟರ ಕುರ್ಚಿಯಲ್ಲಿ ಕೂರುವುದು ಹೇಗೆಂದು ಇಂಗ್ಲೆಂಡಿನಲ್ಲಿ ಗದ್ದಲವೆದ್ದಿತು. 1889ರಲ್ಲಿ ಅವರನ್ನು ಮೊಕದ್ದಮೆಗಳಿಂದ ರಕ್ಷಿಸುವ ಕಾಯಿದೆ ಬಂತು. ಆದರೂ ಬಲವಂತಕ್ಕೆ ಮಣಿದು ಕೊಟ್ಟವರನ್ನು ಉಳಿಸಿಕೊಂಡು, ತಾವಾಗಿ ಕೊಟ್ಟವರೆಂದು ಕಂಡವರನ್ನು ನೌಕರಿಯಿಂದ ತೆಗೆಯಲಾಯಿತು. ಬಾಲ ಗಂಗಾಧರ ತಿಲಕರು ಮಾಮಲೇದಾರರ ಪರ ನಿಂತರು. ಆ ಸೆಪ್ಟೆಂಬರಿನಲ್ಲಿ ಪುಣೆಯ ಸಾರ್ವಜನಿಕ ಸಭೆಯಲ್ಲಿ ಸರ್ಕಾರ ಕೊಟ್ಟ ಮಾತಿಗೆ ತಪ್ಪಬಾರದೆಂದು ವಾದಿಸಿದರು. ಅವರ ವಾದ ನ್ಯಾಯವಾದದ್ದೇ. ಅಭಯದ ಮೇಲೆ ಹೇಳಿಸಿಕೊಂಡ ಸತ್ಯಕ್ಕೆ ದಂಡ ತೆರಬೇಕಾದರೆ ಮುಂದಿನ ಸಾಕ್ಷಿ ಬಾಯಿ ತೆರೆಯುವುದಿಲ್ಲ.

ಸ್ವಾತಂತ್ರ್ಯದ ಹೊತ್ತಿಗೆ ಕಾನೂನು ಈ ತೊಡಕಿಗೆ ದಾರಿ ಹುಡುಕತೊಡಗಿತು. 1947ರ ಭ್ರಷ್ಟಾಚಾರ ತಡೆ ಕಾಯಿದೆ, ನೌಕರ ಹಣ ಸ್ವೀಕರಿಸಿದ್ದು ಸಾಬೀತಾದರೆ ಅದು ಲಂಚವೇ ಎಂದು ಭಾವಿಸಿ, ಅಲ್ಲವೆಂದು ತೋರಿಸುವ ಹೊಣೆಯನ್ನು ಅವನ ಮೇಲೆಯೇ ಹೊರಿಸಿತು. 1952ರ ತಿದ್ದುಪಡಿ ಲಂಚ ಕೊಡುವುದಕ್ಕೆ ಪ್ರತ್ಯೇಕ ಕಲಮು ಸೇರಿಸಿದರೂ, ನೌಕರನ ವಿರುದ್ಧ ನುಡಿದ ಸಾಕ್ಷಿಯ ಹೇಳಿಕೆಯಿಂದ ಅವನ ಮೇಲೆ ಆ ಕಲಮಿನ ಮೊಕದ್ದಮೆ ಹೂಡುವಂತಿಲ್ಲವೆಂದಿತು. ಮಾಮಲೇದಾರರ ಕಾಲದಲ್ಲಿ ಇರಬೇಕಾಗಿದ್ದದ್ದು ಇಂಥ ಕಟ್ಟಳೆ. 2018ರಲ್ಲಿ ಆ ರಕ್ಷಣೆ ಹೋಯಿತು. ಈಗ ಬಲವಂತಕ್ಕೆ ಮಣಿದು ಕೊಟ್ಟವನು 7 ದಿನಗಳೊಳಗೆ ದೂರು ಕೊಟ್ಟರೆ ಮಾತ್ರ ಪಾರಾಗುತ್ತಾನೆ.

ಪುರಾವೆ ಕೂಡಿಸುವ ವಿಧಾನವೂ ಬದಲಾಯಿತು. ನೋಟುಗಳಿಗೆ ಫಿನಾಫ್ತಲೀನ್ ಪುಡಿ ಸವರಿ ದೂರುದಾರನ ಕೈಯಲ್ಲಿ ಕೊಡಿಸುತ್ತಾರೆ. ಹಣ ಮುಟ್ಟಿದ ಕೈಯನ್ನು ಸೋಡಾ ನೀರಿನಲ್ಲಿ ತೊಳೆದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಪಂಚರ ಎದುರು ಪಂಚನಾಮೆ ಆಗುತ್ತದೆ. ಆದರೆ ಆ ಬಣ್ಣ ಹಣ ಮುಟ್ಟಿದ್ದನ್ನಷ್ಟೇ ಹೇಳುತ್ತದೆ, ಕೇಳಿದ್ದನ್ನು ಹೇಳುವುದಿಲ್ಲ. ಕೇಳಿದ್ದು ಸಾಬೀತಾಗದೆ ಹಣ ಸಿಕ್ಕ ಮಾತ್ರಕ್ಕೆ ಶಿಕ್ಷೆಯಿಲ್ಲವೆಂದು ಸುಪ್ರೀಂ ಕೋರ್ಟ್ 2014ರ ಜಯರಾಜ್ ಪ್ರಕರಣದಲ್ಲಿ ಹೇಳಿತು. ದೂರುದಾರ ಸತ್ತರೆ ಅಥವಾ ಪ್ರತಿಕೂಲ ಸಾಕ್ಷಿಯಾದರೆ ಏನೆಂಬ ಪ್ರಶ್ನೆಯನ್ನು 2022ರ ಡಿಸೆಂಬರ್ 15ರಂದು, ನೀರಜ್ ದತ್ತಾ ಪ್ರಕರಣದಲ್ಲಿ ಐವರ ಸಂವಿಧಾನ ಪೀಠ ಬಗೆಹರಿಸಿತು. ಕನ್ನಡಿಗರಾದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಬರೆದ ಆ ತೀರ್ಪಿನಂತೆ, ಕೇಳಿದ್ದನ್ನೂ ಪಡೆದದ್ದನ್ನೂ ಬೇರೆ ಸಾಕ್ಷಿಗಳಿಂದ ಅಥವಾ ಸಾಂದರ್ಭಿಕ ಪುರಾವೆಯಿಂದ ರುಜುವಾತುಪಡಿಸಬಹುದು.