ಸಾಧಾರಣ ಎಂದರೆ ಸಸಾರವೇ?

ಭಾನುವಾರದ ಪೂಜೆಗೆ ಮುಂಚೆ ಗಾಯನವೃಂದದ ಹುಡುಗಿಯೊಬ್ಬಳು ಪಕ್ಕದವಳಿಗೆ ಹೇಳುತ್ತಿದ್ದಳು: "ಹೊಸ ಹಾಡೆಲ್ಲ ಯಾಕೇ? ಇವತ್ತು ಸಾಧಾರಣ ಕಾಲ ತಾನೆ, ಹಳೇದೇ ಸಾಕು." ಹಳೇ ಹಾಡಿನ ವಿಷಯದಲ್ಲಿ ನನ್ನದೇನೂ ತಕರಾರಿಲ್ಲ, ಈಚಿನ ಹಾಡುಗಳಲ್ಲಿ ಕೀಬೋರ್ಡಿನ ಅಬ್ಬರ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೆ. ಚುಚ್ಚಿದ್ದು ಆ 'ತಾನೆ'.

ನಮ್ಮ ಕಥೋಲಿಕರ ಪೂಜಾವರ್ಷದಲ್ಲಿ ಆಗಮನಕಾಲ, ಕ್ರಿಸ್ತಜಯಂತಿ, ತಪಸ್ಸುಕಾಲ, ಪಾಸ್ಖಕಾಲ ಎಂದು ಹೆಸರುಳ್ಳ ಕಾಲಗಳಿವೆ. ಇವನ್ನೆಲ್ಲ ಕಳೆದು ಮಿಕ್ಕಿದ್ದು ಸಾಧಾರಣ ಕಾಲ. ಮಿಕ್ಕಿದ್ದು ಅಂದೆನೇ? ವರ್ಷದ ಐವತ್ತೆರಡು ವಾರಗಳಲ್ಲಿ 33 ಅಥವಾ 34 ವಾರ ಅದರದ್ದೇ. ಲ್ಯಾಟಿನ್ನಿನಲ್ಲಿ ಅದೇನು, ಇಂಗ್ಲಿಷಿನಲ್ಲಿ ಅದೇನು ಎಂಬುದನ್ನೆಲ್ಲ ನಿಘಂಟಿನವರು ನೋಡಿಕೊಳ್ಳಲಿ. ನನ್ನ ಹತ್ತಿರ ಅದಕ್ಕಿಂತ ರುಚಿಯಾದ ಒಂದು ವಾದವಿದೆ.

ಆರನೆಯ ಪೌಲ್ ಪೋಪರು ಪೂಜಾವರ್ಷವನ್ನು ತಿದ್ದಿ ಆಜ್ಞೆ ಹೊರಡಿಸಿದ್ದು 1969ರ ಫೆಬ್ರವರಿಯಲ್ಲಿ. ಅದು ಜಾರಿಗೆ ಬಂದದ್ದು 1970ರ ಜನವರಿ 1ರಂದು. ಅದೇ ವರ್ಷ ಯುಗಾದಿಗೆ ನಮ್ಮ ಪಂಚಾಂಗದಲ್ಲಿ ಶುರುವಾದ ಸಂವತ್ಸರ ಯಾವುದು ಗೊತ್ತೆ? ಸಾಧಾರಣ! ಪ್ರಭವದಿಂದ ಎಣಿಸಿದರೆ ನಲವತ್ತನಾಲ್ಕನೆಯದು. ಪೂಜಾಗ್ರಂಥವನ್ನು ಕನ್ನಡಕ್ಕೆ ತರಲು ಕೂತ ಯಾರೋ ಪುಣ್ಯಾತ್ಮರು ಸರಿಯಾದ ಮಾತು ಸಿಗದೆ ತಲೆ ಕೆರೆದುಕೊಳ್ಳುತ್ತಾ ಗೋಡೆಯತ್ತ ನೋಡಿರಬೇಕು. ಅಲ್ಲಿ ನೇತಾಡುತ್ತಿದ್ದ ಕ್ಯಾಲೆಂಡರಿನ ನೆತ್ತಿಯ ಮೇಲೆ 'ಸಾಧಾರಣನಾಮ ಸಂವತ್ಸರ' ಎಂದಿದ್ದಿರಬೇಕು. ಇದಕ್ಕೆ ಪುರಾವೆ ಕೇಳಬೇಡಿ. ಕೇಳಿದವರಿಗೆಲ್ಲ ಹೇಳಿದ್ದೇನೆ, ಗುರುಗಳೊಬ್ಬರು ನಕ್ಕರು. ನಕ್ಕ ಮಾತ್ರಕ್ಕೆ ಸುಳ್ಳಾಗುತ್ತದೆಯೇ?

ಸಾಧಾರಣ ಬದುಕಿಗೆ ನಮ್ಮಲ್ಲಿ ಒಂದು ಗಾದೆಯಿದೆ: ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ. ಹೆಣ್ಣು ಕೊಡುವವರು ಹುಡುಗನ ಮನೆತನದ ಬಗ್ಗೆ ವಿಚಾರಿಸಿದಾಗ ಬರುವ ಮಾತು. ಅದರಲ್ಲಿ ಅರ್ಧ ಮರುಕ, ಅರ್ಧ ತಾತ್ಸಾರ. ಆದರೆ ಈ ಗಾದೆಯನ್ನು ಗುಡಿಯೊಳಕ್ಕೆ ಕರೆತಂದು ಕೂರಿಸಿ ನೋಡಿ. ತಪಸ್ಸುಕಾಲಕ್ಕೆ ಭಾನುವಾರಗಳೆಷ್ಟು? ಗರಿಗಳ ಭಾನುವಾರವೂ ಸೇರಿ ಆರು. ಅದು ಏರುದಾರಿ: ಉಪವಾಸ, ಶುಕ್ರವಾರಗಳ ಶಿಲುಬೆಹಾದಿ, ಮಾಂಸದಂಗಡಿಯ ಮುಂದೆ ತಲೆ ತಗ್ಗಿಸಿ ನಡೆಯುವುದು. ಆಮೇಲೆ ಮೂರು ದಿನ: ಕಡೆಯ ಭೋಜನದ ಗುರುವಾರ, ಶಿಲುಬೆಯ ಶುಕ್ರವಾರ, ಸಮಾಧಿಯ ಶನಿವಾರ. ಅದಕ್ಕಿಂತ ಕೆಳಗೆ ಇಳಿಯಲು ಜಾಗವೇ ಇಲ್ಲ. ಆರಕ್ಕೇರಿ ಮೂರಕ್ಕಿಳಿಯುವ ಕೆಲಸವನ್ನು ವರ್ಷಕ್ಕೊಮ್ಮೆ ಸಭೆಯೆಲ್ಲ ಸೇರಿ ಮಾಡಿ ಮುಗಿಸಿರುತ್ತದೆ. ಏರಿಳಿದು ಬಂದವರಿಗೆ ಆಮೇಲೆ ಸಮನೆಲ ಬೇಡವೇ? ಏರದ ಇಳಿಯದ ಆ ವಾರಗಳು ಬಡವನ ಪಾಲಲ್ಲ, ದಣಿದವನ ಪಾಲು. ಗಾದೆ ಕಟ್ಟಿದವನಿಗೆ ಇದಾವುದೂ ಗೊತ್ತಿರಲಿಲ್ಲ ಎನ್ನುತ್ತೀರಿ. ಗಾದೆಗಳಿಗೆ ಕಟ್ಟಿದವನಿಗಿಂತ ಹೆಚ್ಚು ಗೊತ್ತಿರುತ್ತದೆ.

ನಂಬಿಕೆಯಿಲ್ಲದಿದ್ದರೆ ಪೂಜಾವಸ್ತ್ರದ ಬೀರು ತೆಗೆದು ನೋಡಿ. ಕ್ರಿಸ್ತಜಯಂತಿಗೂ ಪಾಸ್ಖಕ್ಕೂ ಉಡುವ ಬಿಳಿ ವಸ್ತ್ರ ನುಸಿಗುಳಿಗೆಯ ವಾಸನೆಯಲ್ಲಿ ಮಡಿಕೆ ಕೆಡದೆ ಮಲಗಿರುತ್ತದೆ. ಅದರ ಜರಿ ಇನ್ನೂ ಕಣ್ಣು ಕೋರೈಸುತ್ತದೆ. ತಪಸ್ಸುಕಾಲದ ನೇರಳೆಯದೂ ಹೆಚ್ಚುಕಡಿಮೆ ಹಾಗೆಯೇ. ಸಾಧಾರಣ ಕಾಲದ ಹಸಿರಿನದು ಮಾತ್ರ ಕತ್ತಿನ ಬಳಿ ಬೆವರಿಗೆ ಬಣ್ಣ ಬಿಟ್ಟು ಬಾಳೆಯ ಒಣಸೋಗೆಯಂತಾಗಿದೆ. ಅಂಚು ಬಿಚ್ಚಿದ ಕಡೆ ಯಾರೋ ಕನ್ಯಾಸ್ತ್ರೀ ಹೊಲಿಗೆ ಹಾಕಿದ್ದಾರೆ; ಅದೇ ಹಸಿರು ದಾರ ಸಿಕ್ಕದೆ ನೀಲಿಯಲ್ಲಿ. ಸತ್ತವರ ಹೆಸರು ಓದಿಸಿದ್ದು, ಮಳೆಗಾಗಿ ಬೇಡಿದ್ದು, ಪರೀಕ್ಷೆ ಬರೆಯುವ ಮಕ್ಕಳ ತಲೆಯ ಮೇಲೆ ಕೈಯಿಟ್ಟದ್ದು, ಎಷ್ಟೋ ಸಲ ಅದೇ ವಸ್ತ್ರ.

ಜಾತ್ರೆಗಳ ಲೆಕ್ಕ ಹಾಕಿ. ಕಾರ್ಕಳದ ಅತ್ತೂರಿನಲ್ಲಿ ಸಂತ ಲಾರೆನ್ಸರ ವಾರ್ಷಿಕ ಹಬ್ಬ ಜನವರಿ ಕೊನೆಗೆ: ಸಾಧಾರಣ ಕಾಲ. ಡೋರನಹಳ್ಳಿಯ ಅಂತೋಣಿಯವರಿಗೆ ಜೂನ್ 13: ಪಾಸ್ಖಕಾಲವನ್ನು ಮುಗಿಸುವ ಪಂಚಾಶತ್ತಮ ಹಬ್ಬ ತೀರಾ ತಡವಾಗದಿದ್ದರೆ ಅದೂ ಸಾಧಾರಣ ಕಾಲವೇ. ಸೆಪ್ಟೆಂಬರ್ 8ಕ್ಕೆ ಶಿವಾಜಿನಗರದ ಬೀದಿಗಳಲ್ಲಿ ಕಾವಿ ಉಟ್ಟವರ ನಡುವೆ ಮಾತೆಯ ತೇರು; ಅದೇ ದಿನ ಮಂಗಳೂರು ಕಡೆ ಹೊಸ ತೆನೆಗೆ ಆಶೀರ್ವಾದ, ಮಕ್ಕಳ ಕೈಗೆ ಕಬ್ಬು, ಮೀನು ಮಾಂಸವಿಲ್ಲದ ಹೊಸಕ್ಕಿ ಊಟ. ನವೆಂಬರ್ 2ರಂದು ಸಮಾಧಿಗಳಿಗೆ ಸುಣ್ಣ, ಹೂವು, ಮೇಣದಬತ್ತಿ. ಮದುವೆಗಳೂ ಹೆಚ್ಚಿನವು ಇಲ್ಲಿಯೇ, ತಪಸ್ಸುಕಾಲದಲ್ಲೂ ಆಗಮನಕಾಲದಲ್ಲೂ ಹಿರಿಯರು ಒಪ್ಪುವುದಿಲ್ಲವಲ್ಲ. ಊರೆಲ್ಲ ಕೂಡುವ ದಿನಗಳನ್ನು ಬಗಲಲ್ಲಿಟ್ಟುಕೊಂಡ ಕಾಲಕ್ಕೆ 'ತಾನೆ' ಎಂದರೆ ಸಿಟ್ಟು ಬಾರದೆ ಇರುತ್ತದೆಯೇ?

ತಪ್ಪು ಆ ಹುಡುಗಿಯೊಬ್ಬಳದೇ ಅಲ್ಲ ಬಿಡಿ. ಈಗ ಕಾಫಿಯೂ ಸೂಪರ್, ತಿಥಿಯ ಊಟವೂ ಸೂಪರ್. ಬೀಳ್ಕೊಡುಗೆ ಸಮಾರಂಭಗಳಲ್ಲಿ ಎಲ್ಲರೂ 'ಅಸಾಧಾರಣ' ಪ್ರತಿಭೆಗಳು; ಅಷ್ಟೊಂದು ಅಸಾಧಾರಣರು ಇದ್ದ ಕಚೇರಿಯಲ್ಲಿ ನನ್ನ ಒಂದು ಅರ್ಜಿ ಎರಡು ವರ್ಷ ಮಲಗಿತ್ತು. ಮೊದಲು "ಹೇಗಿದ್ದೀರಿ?" ಎಂದರೆ "ಸಾಧಾರಣ, ದೇವರ ದಯೆ" ಎನ್ನುತ್ತಿದ್ದರು. ಅದರಲ್ಲಿ ಜಂಬವಿಲ್ಲ, ಗೋಳೂ ಇಲ್ಲ, ಕೇಳಿದವರ ಕಣ್ಣು ತಾಗುವ ಭಯವೂ ಇಲ್ಲ. ಈಗ ಹಾಗೆ ಅಂದು ನೋಡಿ, ಡಾಕ್ಟರ ನಂಬರು ಕೊಡುತ್ತಾರೆ.

ಈ ಪದಕ್ಕೆ ಮರ್ಯಾದೆ ಉಳಿಸಿರುವವರು ಹವಾಮಾನ ಇಲಾಖೆಯವರು ಮಾತ್ರ. ಅವರ 'ಸಾಧಾರಣ ಮಳೆ' ಎಂದರೆ ದಿನಕ್ಕೆ 15.6ರಿಂದ 64.4 ಮಿಲಿಮೀಟರ್. ರಾಗಿ ಬಿತ್ತಿ ಮುಗಿಲು ನೋಡುತ್ತಾ ಕೂತವರನ್ನು ಕೇಳಿ, ಅವರು ಅಸಾಧಾರಣ ಮಳೆಗೆ ಹರಕೆ ಹೊರುವುದಿಲ್ಲ.

ಮುಂದಿನ ಸಾಧಾರಣ ಸಂವತ್ಸರ ಬರುವುದು 2030ರ ಏಪ್ರಿಲ್ ಮೊದಲ ವಾರ. ನನ್ನ ವಾದಕ್ಕೆ ಆಗಲಾದರೂ ಬಲ ಬಂದೀತೆಂದು ಲೆಕ್ಕ ಹಾಕಿದೆ. ಆ ವರ್ಷ ಪಾಸ್ಖ ಹಬ್ಬ ಏಪ್ರಿಲ್ 21ಕ್ಕೆ. ಅಂದರೆ ಸಾಧಾರಣ ಸಂವತ್ಸರದ ಯುಗಾದಿ ಬಂದು ಬೀಳುವುದು ಸರಿಯಾಗಿ ತಪಸ್ಸುಕಾಲದ ನಟ್ಟನಡುವೆ. ಪಕ್ಕದ ಮನೆಯವರು ತಟ್ಟೆ ಮುಚ್ಚಿ ಒಬ್ಬಟ್ಟು ಕಳಿಸಿಯೇ ಕಳಿಸುತ್ತಾರೆ. ಉಪವಾಸದ ಲೆಕ್ಕ ಗುರುಗಳನ್ನು ಈಗಲೇ ಕೇಳಿಡಬೇಕು.