ಚೀಟಿ ಎತ್ತಿದ ಎರಡು ಕಾರಣಗಳು: ಪ್ರಯೋಗ ವಿನ್ಯಾಸದ ಚರಿತ್ರೆಯಲ್ಲಿ ಯಾದೃಚ್ಛಿಕ ಹಂಚಿಕೆ

1910ರ ಸುಗ್ಗಿಯಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಮರ್ಸರ್ ಮತ್ತು ಹಾಲ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಎಕರೆ ಗೋಧಿ ಹೊಲವನ್ನು 500 ಪುಟ್ಟ ತಾಕುಗಳಾಗಿ ಗುರುತು ಮಾಡಿಸಿ, ಪ್ರತಿ ತಾಕಿನ ಫಸಲನ್ನೂ ಬೇರೆಬೇರೆಯಾಗಿ ಕೊಯ್ದು ತೂಗಿಸಿದರು. ಇಡೀ ಎಕರೆಗೆ ಬಿದ್ದದ್ದು ಒಂದೇ ಬೀಜ, ಒಂದೇ ಗೊಬ್ಬರ, ಒಂದೇ ಮಳೆ. ಆದರೂ ಒಂದು ತಾಕು ಕೊಟ್ಟ ಕಾಳು 2.73 ಪೌಂಡ್, ಇನ್ನೊಂದು ಕೊಟ್ಟದ್ದು 5.16 ಪೌಂಡ್. ಹೊಲದಲ್ಲಿ ದುಡಿದವರಿಗೆ ಇದರಲ್ಲಿ ಅಚ್ಚರಿಯೇನೂ ಇರಲಾರದು. ದಿನ್ನೆಯ ಮೇಲೆ ಪೈರು ಸೊರಗುತ್ತದೆ, ತಗ್ಗಿನಲ್ಲಿ ಸೊಕ್ಕುತ್ತದೆ. ವಿಜ್ಞಾನಿಗೆ ಮಾತ್ರ ಇದು ದೊಡ್ಡ ಆಘಾತ. ಎರಡನೆಯ ತಾಕಿಗೆ ಹೊಸದೊಂದು ಗೊಬ್ಬರ ಹಾಕಿದ್ದರೆ, ಇಳುವರಿ ಹೆಚ್ಚುಕಡಿಮೆ ಇಮ್ಮಡಿಯಾಯಿತೆಂದು ಯಾರಾದರೂ ಹೇಳಿಬಿಡುತ್ತಿದ್ದರು. ಮಣ್ಣಿನ ಗುಣವನ್ನು ಗೊಬ್ಬರದ ಗುಣವೆಂದು ಓದುವ ಈ ತಪ್ಪಿನಿಂದ ಪಾರಾಗಲು ವಿಜ್ಞಾನ ಕಂಡುಕೊಂಡ ದಾರಿ ಚೀಟಿ ಎತ್ತುವುದು. ಯಾವ ತಾಕಿಗೆ ಯಾವ ಗೊಬ್ಬರ, ಯಾವ ರೋಗಿಗೆ ಯಾವ ಮದ್ದು ಎಂಬುದನ್ನು ಪ್ರಯೋಗಕಾರ ನಿರ್ಧರಿಸುವುದಿಲ್ಲ, ಚೀಟಿ ನಿರ್ಧರಿಸುತ್ತದೆ.

ಈ ಪದ್ಧತಿಗೆ ಯಾದೃಚ್ಛಿಕ ಹಂಚಿಕೆ ಎಂದು ಹೆಸರು. ಅದರ ಚರಿತ್ರೆಯನ್ನು ಪಠ್ಯಪುಸ್ತಕಗಳು ಒಂದೇ ಎಳೆಯಾಗಿ ಹೇಳುತ್ತವೆ: ಫಿಷರ್ ಹೊಲದಲ್ಲಿ ಕಂಡುಕೊಂಡರು, ಬ್ರಾಡ್‌ಫರ್ಡ್ ಹಿಲ್ ಅದನ್ನು ಆಸ್ಪತ್ರೆಗೆ ತಂದರು. ನನ್ನ ವಾದ ಬೇರೆ. ಹೊಲದಲ್ಲಿ ಚೀಟಿ ಎತ್ತಿದ ಕಾರಣವೇ ಒಂದು, ಆಸ್ಪತ್ರೆಯಲ್ಲಿ ಎತ್ತಿದ ಕಾರಣವೇ ಇನ್ನೊಂದು. ಮೊದಲನೆಯದರ ಮೂಲ ಗಣಿತದಲ್ಲಿದೆ, ಎರಡನೆಯದರ ಮೂಲ ಮನುಷ್ಯ ಸ್ವಭಾವದ ತಿಳಿವಳಿಕೆಯಲ್ಲಿದೆ.

ಹೋಲಿಕೆಯ ಪ್ರಯೋಗ ಚೀಟಿಗಿಂತ ಬಹಳ ಹಳೆಯದು. 1747ರ ಮೇ ತಿಂಗಳಲ್ಲಿ ಸ್ಯಾಲಿಸ್‌ಬರಿ ಎಂಬ ಬ್ರಿಟಿಷ್ ಯುದ್ಧನೌಕೆಯ ವೈದ್ಯ ಜೇಮ್ಸ್ ಲಿಂಡ್, ಸ್ಕರ್ವಿ ಹತ್ತಿದ ಹನ್ನೆರಡು ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿದ. ಎಲ್ಲರಿಗೂ ಒಂದೇ ಕಡೆ ವಾಸ, ಒಂದೇ ಊಟ. ಮದ್ದು ಮಾತ್ರ ಬೇರೆ: ಸೇಬಿನ ಮದ್ಯ, ನೀರು ಬೆರೆಸಿದ ಗಂಧಕಾಮ್ಲ, ವಿನೆಗರ್, ಸಮುದ್ರದ ನೀರು, ಬೆಳ್ಳುಳ್ಳಿ ಸಾಸಿವೆ ಮುಂತಾದವುಗಳ ಲೇಹ್ಯ, ಮತ್ತು ಕಿತ್ತಳೆ ನಿಂಬೆ ಹಣ್ಣುಗಳು. ಹಣ್ಣು ತಿಂದ ಇಬ್ಬರು ವಾರದೊಳಗೆ ಚೇತರಿಸಿಕೊಂಡರು. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ವಿವರ ಲಿಂಡನ ಬರವಣಿಗೆಯಲ್ಲೇ ಇದೆ. ಹನ್ನೆರಡು ಮಂದಿಯಲ್ಲಿ ತೀರಾ ಹದಗೆಟ್ಟಿದ್ದ ಇಬ್ಬರಿಗೆ ಅವನು ಕೊಟ್ಟದ್ದು ಸಮುದ್ರದ ನೀರು. ರೋಗಿಗಳೆಲ್ಲ ಆದಷ್ಟು ಒಂದೇ ಸ್ಥಿತಿಯಲ್ಲಿರಬೇಕೆಂದು ಬಯಸಿದ ವೈದ್ಯನೇ, ಯಾರಿಗೆ ಯಾವುದು ಎಂದು ತೀರ್ಮಾನಿಸುವಾಗ ರೋಗದ ತೀವ್ರತೆಯನ್ನು ನೋಡಿದ. ಸಮುದ್ರದ ನೀರು ಸೋತದ್ದು ಅದು ಮದ್ದಲ್ಲವೆಂದೋ, ಕುಡಿದವರು ಮೊದಲೇ ಕೈಮೀರಿದ್ದರೆಂದೋ? ಈ ಪ್ರಯೋಗದಿಂದ ಅದಕ್ಕೆ ಉತ್ತರ ಸಿಗುವುದಿಲ್ಲ. ಲಿಂಡನ ಹಿರಿಮೆಯನ್ನು ಇದು ಕುಗ್ಗಿಸುವುದಿಲ್ಲ. ಅಷ್ಟು ಪ್ರಾಮಾಣಿಕವಾಗಿ ಬರೆದಿಟ್ಟದ್ದರಿಂದಲೇ 270 ವರ್ಷಗಳ ನಂತರವೂ ನಾವು ಆ ಲೋಪವನ್ನು ಗುರುತಿಸಬಲ್ಲೆವು. ನೌಕಾಪಡೆ ನಿಂಬೆರಸವನ್ನು ಕ್ರಮವಾಗಿ ಹಂಚತೊಡಗಿದ್ದು 1795ರಲ್ಲಿ, ಲಿಂಡ್ ತೀರಿಕೊಂಡ ಮರುವರ್ಷ.

ಆಯ್ಕೆಯನ್ನು ಆಕಸ್ಮಿಕಕ್ಕೆ ಬಿಡುವ ಮೊದಲ ಸ್ಪಷ್ಟ ಹೆಜ್ಜೆ ಕಾಣುವುದು ಅಮೆರಿಕದಲ್ಲಿ. 1880ರ ದಶಕದಲ್ಲಿ ತತ್ತ್ವಜ್ಞಾನಿ ಚಾರ್ಲ್ಸ್ ಪರ್ಸ್ ಮತ್ತು ಅವರ ಶಿಷ್ಯ ಜೋಸೆಫ್ ಜಾಸ್ಟ್ರೋ, ತೂಕದ ಅತಿ ಸಣ್ಣ ವ್ಯತ್ಯಾಸವನ್ನು ಮನುಷ್ಯ ಗ್ರಹಿಸಬಲ್ಲನೇ ಎಂದು ಪರೀಕ್ಷಿಸಿದಾಗ, ಯಾವ ಸರದಿಯಲ್ಲಿ ಯಾವ ತೂಕ ಎಂಬುದನ್ನು ಇಸ್ಪೀಟು ಎಲೆ ಕಲಸಿ ತೀರ್ಮಾನಿಸಿದರು. ಆ ಕಾಲದಲ್ಲಿ ಅದು ಒಂಟಿ ಪ್ರಯತ್ನವಾಗಿಯೇ ಉಳಿಯಿತು.

ರಾಥಮ್‌ಸ್ಟೆಡ್‌ಗೆ ಮರಳೋಣ. ಸೂಪರ್ ಫಾಸ್ಫೇಟ್ ಗೊಬ್ಬರಕ್ಕೆ ಪೇಟೆಂಟ್ ಪಡೆದಿದ್ದ ಜಾನ್ ಲಾಸ್, ರಸಾಯನಶಾಸ್ತ್ರಜ್ಞ ಗಿಲ್ಬರ್ಟ್ ಜೊತೆ ಸೇರಿ 1843ರಲ್ಲಿ ಅಲ್ಲಿ ಪ್ರಯೋಗ ಆರಂಭಿಸಿದ್ದರು. ಬ್ರಾಡ್‌ಬಾಕ್ ಎಂಬ ಹೊಲದ ಉದ್ದನೆಯ ಪಟ್ಟಿಗಳಿಗೆ ವರ್ಷಾವರ್ಷ ಅದದೇ ಗೊಬ್ಬರ ಹಾಕಿ ಗೋಧಿ ಬೆಳೆದರು. ಆ ಪ್ರಯೋಗ ಇವತ್ತಿಗೂ ನಡೆದಿದೆ. 1919ರಲ್ಲಿ ನಿರ್ದೇಶಕ ಜಾನ್ ರಸೆಲ್, ಎಪ್ಪತ್ತೈದು ವರ್ಷಗಳ ಆ ಅಂಕಿರಾಶಿಯಿಂದ ಏನಾದರೂ ತಿರುಳು ತೆಗೆಯಲು ಸಾಧ್ಯವೇ ನೋಡಲೆಂದು ರೊನಾಲ್ಡ್ ಫಿಷರ್ ಎಂಬ ಇಪ್ಪತ್ತೊಂಬತ್ತರ ಗಣಿತಜ್ಞನನ್ನು ಕರೆಸಿಕೊಂಡರು. ಹಳೆಯ ಅಂಕಿಗಳನ್ನು ಜಾಲಾಡುತ್ತಾ ಫಿಷರ್‌ಗೆ ಮನವರಿಕೆಯಾದದ್ದು ಇದು: ಬಿತ್ತುವ ಮೊದಲೇ ಸರಿಯಾಗಿ ಯೋಜಿಸದಿದ್ದರೆ, ಕೊಯ್ಲಾದ ಮೇಲೆ ಎಂಥ ಗಣಿತವೂ ಪ್ರಯೋಗವನ್ನು ಉಳಿಸಲಾರದು.

1926ರಲ್ಲಿ ಕೃಷಿ ಇಲಾಖೆಯ ಪತ್ರಿಕೆಯಲ್ಲಿ ರಸೆಲ್ ಹೊಲದ ಪ್ರಯೋಗಗಳನ್ನು ಕುರಿತು ಲೇಖನ ಬರೆದು, ಗೊಬ್ಬರಗಳನ್ನು ಒಂದು ಕ್ರಮಬದ್ಧ ಜೋಡಣೆಯಲ್ಲಿ ಹಂಚುವುದನ್ನು ಸಮರ್ಥಿಸಿದರು. ಅದೇ ವರ್ಷ, ಅದೇ ಪತ್ರಿಕೆಯಲ್ಲಿ, ಅವರ ಕೈಕೆಳಗಿನ ನೌಕರ ಫಿಷರ್ ಉತ್ತರ ಬರೆದರು. ಆಧುನಿಕ ಪ್ರಯೋಗ ವಿನ್ಯಾಸದ ಜನ್ಮಪತ್ರಿಕೆಯೆಂದು ನಾನು ಕರೆಯುವುದು ಈ ಹತ್ತು ಪುಟಗಳ ಬರಹವನ್ನು. ಅದರ ಒಳತಿರುಳು ಹೀಗಿದೆ. ಒಂದು ಗೊಬ್ಬರವನ್ನು ಹಲವು ತಾಕುಗಳಲ್ಲಿ ಮತ್ತೆಮತ್ತೆ ಹಾಕಿದರೆ, ಗೊಬ್ಬರ ಒಂದೇ ಆಗಿದ್ದೂ ಇಳುವರಿ ಎಷ್ಟು ಏರುಪೇರಾಗುತ್ತದೆಂದು ಗೊತ್ತಾಗುತ್ತದೆ. ಎರಡು ಗೊಬ್ಬರಗಳ ನಡುವಿನ ವ್ಯತ್ಯಾಸ ನಿಜವೋ ಅಲ್ಲವೋ ಎಂದು ಅಳೆಯಲು ಅದೇ ಅಳತೆಗೋಲು. ಆದರೆ ಗೊಬ್ಬರಗಳನ್ನು ನಾವೇ ಜೋಡಿಸಿದರೆ ಆ ಅಳತೆಗೋಲೇ ಡೊಂಕಾಗುತ್ತದೆ. ಹಳೆಯ ಉಳುಮೆಯ ಸಾಲು, ಮುಚ್ಚಿಹೋದ ಕಾಲುವೆ, ಮಣ್ಣಿನ ಪದರದ ಓಟ ಇವೆಲ್ಲ ನಮ್ಮ ಜೋಡಣೆಯ ಜೊತೆ ತಾಳ ಹಾಕಿರಬಹುದು, ಹಾಕಿದೆಯೋ ಇಲ್ಲವೋ ತಿಳಿಯುವ ಬಗೆಯಿಲ್ಲ. ಚೀಟಿ ಎತ್ತಿದರೆ ಯಾವ ಹಂಚಿಕೆ ಎಷ್ಟು ಸಂಭಾವ್ಯ ಎಂದು ಲೆಕ್ಕ ಹಾಕಬಹುದು. ಅಂದರೆ ಚೀಟಿ ತಪ್ಪನ್ನು ಅಳಿಸುವುದಿಲ್ಲ, ತಪ್ಪಿನ ಗಾತ್ರ ಎಷ್ಟಿರಬಹುದೆಂದು ನಂಬಿಕೆಯಿಂದ ಹೇಳಲು ಬಿಡುತ್ತದೆ.

1935ರ ‘ಪ್ರಯೋಗಗಳ ವಿನ್ಯಾಸ’ ಪುಸ್ತಕದಲ್ಲಿ ಫಿಷರ್ ಇದನ್ನು ಚಹಾದ ಬಟ್ಟಲುಗಳಲ್ಲಿ ತೋರಿಸಿದರು. ಬಟ್ಟಲಿಗೆ ಮೊದಲು ಹಾಲು ಹಾಕಿದ್ದೋ ಚಹಾ ಹಾಕಿದ್ದೋ ಎಂದು ರುಚಿಯಿಂದಲೇ ಹೇಳಬಲ್ಲೆ ಎನ್ನುವ ಮಹಿಳೆಯ ಮುಂದೆ ಎಂಟು ಬಟ್ಟಲು ಇಡಬೇಕು, ನಾಲ್ಕು ಆ ಬಗೆ, ನಾಲ್ಕು ಈ ಬಗೆ, ಕ್ರಮ ಮಾತ್ರ ಚೀಟಿಯದು. ಎಂಟರಲ್ಲಿ ನಾಲ್ಕನ್ನು ಆರಿಸುವ ದಾರಿಗಳು 70. ಬರೀ ಊಹೆಯಿಂದ ಎಲ್ಲವನ್ನೂ ಸರಿಯಾಗಿ ಹೇಳುವ ಸಂಭವ 70ರಲ್ಲಿ 1. ನಾಲ್ಕರಲ್ಲಿ ಮೂರನ್ನು ಮಾತ್ರ ಸರಿಯಾಗಿ ಆರಿಸುವ ದಾರಿಗಳು 16. ಹಾಗಾಗಿ ಒಂದು ತಪ್ಪಿಗೂ ವಿನಾಯಿತಿ ಕೊಟ್ಟರೆ ಊಹೆಯೇ 70ರಲ್ಲಿ 17 ಬಾರಿ ಗೆಲ್ಲುತ್ತದೆ, ಅಂಥ ಗೆಲುವನ್ನು ಪುರಾವೆ ಎನ್ನಲಾಗದು. ಬಟ್ಟಲಿನ ದಪ್ಪ, ಚಹಾದ ಬಿಸಿ, ಸಕ್ಕರೆ ಎಲ್ಲವನ್ನೂ ಸಮ ಮಾಡಲು ಯಾರಿಂದಲೂ ಆಗದು. ಚೀಟಿಯೊಂದಿದ್ದರೆ ಅವು ಸಮವಾಗಿಲ್ಲದಿದ್ದರೂ 70 ಎಂಬ ಸಂಖ್ಯೆ ಅಲುಗುವುದಿಲ್ಲ. ನನಗೆ ಇಡೀ ಪುಸ್ತಕದಲ್ಲಿ ಅತ್ಯಂತ ಸುಂದರವಾಗಿ ಕಾಣುವ ಮಾತು ಇದು.

ಫಿಷರ್‌ಗೆ ಗಟ್ಟಿ ವಿರೋಧ ಬಂದದ್ದು ಗೆಳೆಯನಿಂದಲೇ. ಗಿನ್ನೆಸ್ ಮದ್ಯ ತಯಾರಿಕಾ ಸಂಸ್ಥೆಯ ವಿಲಿಯಂ ಗಾಸೆಟ್, ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಬರೆಯುತ್ತಿದ್ದವರು, ಬಾರ್ಲಿ ಹೊಲಗಳನ್ನು ಕಣ್ಣಾರೆ ಬಲ್ಲವರು. ಮಣ್ಣಿನ ಸತ್ವ ಒಂದು ಕಡೆಯಿಂದ ಇನ್ನೊಂದು ಕಡೆಗೆ ಮೆಲ್ಲಗೆ ಇಳಿಯುತ್ತದೆಂದು ಗೊತ್ತಿದ್ದೂ ಚೀಟಿ ಎತ್ತಿ, ಒಂದು ತಳಿಯೆಲ್ಲ ಒಳ್ಳೆಯ ಕೊನೆಗೇ ಹೋಗಲು ಬಿಡುವುದು ಅರಿವನ್ನು ಚೆಲ್ಲಿದಂತೆ ಎಂಬುದು ಅವರ ವಾದ. ಫಿಷರ್ ಇದಕ್ಕೆ ಅರ್ಧ ದಾರಿ ಬಂದಿದ್ದರು: ಒಂದೇ ಬಗೆಯ ತಾಕುಗಳನ್ನು ಮೊದಲು ಖಂಡಗಳಾಗಿ ಗುಂಪು ಮಾಡಿ, ಪ್ರತಿ ಖಂಡದೊಳಗೆ ಮಾತ್ರ ಚೀಟಿ ಎತ್ತಬೇಕು. ಗಾಸೆಟ್ ಒಪ್ಪಲಿಲ್ಲ. 1937ರಲ್ಲಿ ಅವರು ತೀರಿಕೊಂಡ ಮೇಲೆ ಪ್ರಕಟವಾದ ಕೊನೆಯ ಲೇಖನವೂ ಇದೇ ವಿಷಯದ್ದು. ಚರಿತ್ರೆ ಫಿಷರ್ ಪರ ತೀರ್ಪು ಕೊಟ್ಟಿತಾದರೂ, ಹೊಲವನ್ನು ಬಲ್ಲವನ ಮಾತಿಗೆ ತೂಕವಿತ್ತೆಂದೇ ನನ್ನ ಅನಿಸಿಕೆ. ಗೊತ್ತಿರುವುದನ್ನು ಖಂಡಗಳಲ್ಲಿ ಕಟ್ಟಿಹಾಕು, ಗೊತ್ತಿಲ್ಲದ್ದಕ್ಕೆ ಚೀಟಿ ಎತ್ತು ಎಂಬ ಇಂದಿನ ರೂಢಿಯಲ್ಲಿ ಇಬ್ಬರ ಪಾಲೂ ಇದೆ.

ಈ ಗಣಿತದ ಮುಂದಿನ ಬೆಳವಣಿಗೆ ಬಹುಮಟ್ಟಿಗೆ ಕಲ್ಕತ್ತದಲ್ಲಾಯಿತು. ಪ್ರಶಾಂತಚಂದ್ರ ಮಹಾಲನೋಬಿಸ್ ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಆರ್.ಸಿ. ಬೋಸ್ 1939ರಲ್ಲಿ ಖಂಡ ವಿನ್ಯಾಸಗಳ ರಚನೆಗೆ ಬೀಜಗಣಿತದ ದಾರಿ ತೋರಿಸಿದರು. ಅಲ್ಲಿಗೆ 1941ರಲ್ಲಿ ಬಂದ ತರುಣ ಸಿ.ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ, 1920ರಲ್ಲಿ. ಆಗ ಅದು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯ ಊರು. ಅವರು 1940ರ ದಶಕದಲ್ಲಿ ರೂಪಿಸಿದ ಲಂಬ ವ್ಯೂಹಗಳ ಉಪಯೋಗವನ್ನು ಒಂದು ಲೆಕ್ಕದಲ್ಲಿ ಹೇಳಬಹುದು. ಏಳು ಅಂಶಗಳು, ಪ್ರತಿಯೊಂದಕ್ಕೂ ಎರಡು ಮಟ್ಟ ಇದ್ದರೆ ಎಲ್ಲ ಜೋಡಣೆಗಳನ್ನು ಮಾಡಿನೋಡಲು 128 ಪ್ರಯೋಗ ಬೇಕು. ಅಂಶಗಳು ಒಂದರ ಪರಿಣಾಮವನ್ನು ಇನ್ನೊಂದು ಬದಲಿಸುವುದಿಲ್ಲ ಎಂದು ಎಣಿಸಬಹುದಾದರೆ, ಸರಿಯಾದ ವ್ಯೂಹದಲ್ಲಿ ಎಂಟೇ ಪ್ರಯೋಗಗಳಿಂದ ಏಳರ ಪರಿಣಾಮವನ್ನೂ ಬೇರ್ಪಡಿಸಬಹುದು. 1950ರ ದಶಕದಲ್ಲಿ ಜಪಾನಿನ ಗೆನಿಚಿ ತಾಗುಚಿ ಕಲ್ಕತ್ತದ ಸಂಸ್ಥೆಗೆ ಬಂದಿದ್ದರು. ಮುಂದೆ ಜಪಾನಿನ ಕಾರ್ಖಾನೆಗಳಲ್ಲಿ ಅವರು ಬಳಕೆಗೆ ತಂದ ಗುಣಮಟ್ಟದ ವಿಧಾನಗಳಲ್ಲಿ ಇಂಥ ವ್ಯೂಹಗಳೇ ಮುಖ್ಯ ಸಾಧನವಾದವು.

ಆಸ್ಪತ್ರೆಯ ಕಥೆಗೆ ಈ ಗಣಿತದ ಹಂಗಿಲ್ಲ. ವೈದ್ಯರು ಹೋಲಿಕೆಯ ಗುಂಪುಗಳನ್ನು ಮಾಡಲು ಬಳಸುತ್ತಿದ್ದದ್ದು ಸರದಿ: ಒಬ್ಬ ರೋಗಿಗೆ ಹೊಸ ಮದ್ದು, ಮುಂದಿನವನಿಗೆ ಹಳೆಯದು. 1896-97ರಲ್ಲಿ ಕೋಪನ್‌ಹೇಗನ್ನಿನ ಯೋಹಾನೆಸ್ ಫಿಬಿಗರ್ ಡಿಫ್ತೀರಿಯ ರೋಗಿಗಳಿಗೆ ದಿನ ಬಿಟ್ಟು ದಿನ ಸೀರಮ್ ಕೊಟ್ಟು, ಕೊಟ್ಟವರಲ್ಲಿ 239ಕ್ಕೆ 8, ಕೊಡದವರಲ್ಲಿ 245ಕ್ಕೆ 30 ಸಾವು ಕಂಡರು. ಬಹು ಶ್ರದ್ಧೆಯ ಕೆಲಸ. ಆದರೆ ಸರದಿಯಲ್ಲಿ ಒಂದು ಬಿರುಕಿದೆ: ಮುಂದಿನವನಿಗೆ ಏನು ಸಿಗುತ್ತದೆಂದು ವೈದ್ಯನಿಗೆ ಮೊದಲೇ ಗೊತ್ತು. ಈ ದಿನ ಹೊಸ ಮದ್ದಿನ ಸರದಿಯಲ್ಲ, ಎದುರಿಗಿರುವುದು ಎಳೆಯ ಹುಡುಗಿ; ಇವಳನ್ನು ಇವತ್ತು ಪ್ರಯೋಗಕ್ಕೆ ಸೇರಿಸುವುದು ಬೇಡ, ನಾಳೆ ನೋಡೋಣ ಎಂದು ಕರುಣೆಯುಳ್ಳ ಯಾವ ವೈದ್ಯನಿಗೂ ಅನ್ನಿಸಬಹುದು. ಪ್ರಯೋಗ ಕೆಡಲು ದುರುದ್ದೇಶ ಬೇಕಿಲ್ಲ, ಒಳ್ಳೆಯತನವೇ ಸಾಕು.

ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಕ್ಷಯ ತಗುಲಿ, ವೈದ್ಯನಾಗುವ ಆಸೆ ಬಿಟ್ಟು ಅಂಕಿ ಸಂಖ್ಯೆಗಳತ್ತ ಬಂದವರು ಅವರು. 1937ರಲ್ಲಿ ವೈದ್ಯರಿಗಾಗಿ ಬರೆದ ಪಾಠಮಾಲೆಯಲ್ಲಿ ಚೀಟಿಯ ಪ್ರಸ್ತಾಪ ಮಾಡಲಿಲ್ಲ, ಸರದಿಯನ್ನೇ ಹೇಳಿದರು. ವೈದ್ಯರು ಬೆದರಿ ದೂರ ಸರಿದಾರೆಂದು ಬೇಕೆಂದೇ ಬಿಟ್ಟೆ ಎಂದು ತೊಂಬತ್ತು ದಾಟಿದ ಮೇಲೆ ನೆನಪಿಸಿಕೊಂಡರು. ಅವಕಾಶ ಬಂದದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ. ಕ್ಷಯಕ್ಕೆ ಹೊಸ ಔಷಧ ಸ್ಟ್ರೆಪ್ಟೊಮೈಸಿನ್ ಅಮೆರಿಕದಿಂದ ಬರಬೇಕಿತ್ತು. ಬ್ರಿಟನ್ನಿನ ಬಳಿ ಡಾಲರ್ ಇರಲಿಲ್ಲ. ಎಲ್ಲರಿಗೂ ಸಾಲದಷ್ಟು ಮದ್ದಿದ್ದಾಗ ಚೀಟಿ ಎತ್ತುವುದು ಅನ್ಯಾಯವಲ್ಲ ಎಂದು ವೈದ್ಯಕೀಯ ಸಂಶೋಧನಾ ಮಂಡಳಿ ಒಪ್ಪಿತು. ಎರಡೂ ಶ್ವಾಸಕೋಶಗಳಿಗೆ ಹರಡಿದ ತೀವ್ರ ಕ್ಷಯವಿದ್ದ 107 ಮಂದಿ ಪ್ರಯೋಗಕ್ಕೆ ಸೇರಿದರು. ಹೊರಗೆ ಆಸ್ಪತ್ರೆಯ ಹೆಸರು ಮತ್ತು ಒಂದು ಸಂಖ್ಯೆ ಮಾತ್ರವಿದ್ದ ಮುಚ್ಚಿದ ಲಕೋಟೆಗಳು. ರೋಗಿಯನ್ನು ಸೇರಿಸಿಕೊಂಡಾದ ಮೇಲಷ್ಟೇ ಲಕೋಟೆ ಒಡೆಯಬೇಕು. ಎಕ್ಸ್‌ರೇ ಓದಿದ ತಜ್ಞರಿಗೆ ಯಾವುದು ಯಾರದೆಂದು ತಿಳಿಯದಂತೆ ನೋಡಿಕೊಳ್ಳಲಾಯಿತು. ಆರು ತಿಂಗಳಲ್ಲಿ ಔಷಧ ಪಡೆದ 55 ಮಂದಿಯಲ್ಲಿ 4, ವಿಶ್ರಾಂತಿ ಮಾತ್ರ ಪಡೆದ 52 ಮಂದಿಯಲ್ಲಿ 14 ಸಾವು. 1948ರ ಅಕ್ಟೋಬರ್‌ನಲ್ಲಿ ವರದಿ ಅಚ್ಚಾಯಿತು.

ಆ ವರದಿಯಲ್ಲಿ ಒತ್ತು ಬೀಳುವುದು ಲಕೋಟೆಯ ಗುಟ್ಟಿನ ಮೇಲೆ. ಫಿಷರ್ ಹೇಳಿದ ಅಳತೆಗೋಲಿನ ಮಾತು ಅಲ್ಲಿ ಮುಖ್ಯವಲ್ಲ. ಹಿಲ್ ಕಾಯಬೇಕಿದ್ದದ್ದು ಪ್ರಯೋಗವನ್ನು ವೈದ್ಯನ ಕೈಯಿಂದ. ಇದೇ ನಾನು ಹೇಳಿದ ಎರಡನೆಯ ಕಾರಣ. ಇಲ್ಲಿ ನೋಯುವ ಸಂಗತಿಯೂ ಒಂದಿದೆ: ವಿಶ್ರಾಂತಿಯ ಗುಂಪಿನ ರೋಗಿಗಳಿಗೆ ತಾವು ಪ್ರಯೋಗದಲ್ಲಿದ್ದೇವೆಂದೇ ತಿಳಿಸಿರಲಿಲ್ಲ. ಇಂದು ಅದನ್ನು ಯಾವ ನೈತಿಕ ಸಮಿತಿಯೂ ಒಪ್ಪಲಾರದು, ಒಪ್ಪಲೂಬಾರದು.

ಎರಡು ಕಾರಣಗಳು ಎಷ್ಟು ದೂರವಿದ್ದವೆಂಬುದು 1950ರ ದಶಕದಲ್ಲಿ ಬಯಲಾಯಿತು. ಹಿಲ್ ಮತ್ತು ರಿಚರ್ಡ್ ಡಾಲ್ ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದಾಗ, ಚೀಟಿ ಎತ್ತಿ ಯಾರಿಗೂ ಸಿಗರೇಟು ಹಂಚಿಲ್ಲವಲ್ಲ ಎಂದು ಫಿಷರ್ ಆ ತೀರ್ಮಾನವನ್ನು ತಳ್ಳಿಹಾಕಿದರು. ಆಗ ಅವರು ತಂಬಾಕು ತಯಾರಕರ ಸಮಿತಿಗೆ ಸಲಹೆಗಾರರೂ ಆಗಿದ್ದರು. ಚೀಟಿ ಎತ್ತಲಾಗದ ಕಡೆ ಬೇರೆಬೇರೆ ಪುರಾವೆಗಳನ್ನು ಕೂಡಿಸಿ ತೂಗುವುದನ್ನು ಹಿಲ್ ಒಪ್ಪಿದರು, ಫಿಷರ್ ಒಪ್ಪಲಿಲ್ಲ. ಫಿಷರ್ ತಪ್ಪಿದರು, ಮತ್ತು ಆ ತಪ್ಪು ಸಣ್ಣದಲ್ಲ.

ಚೀಟಿ ನಮ್ಮ ನಾಡಿನ ಬಡವರ ಬದುಕನ್ನು ಮುಟ್ಟಿದ್ದು ಮದರಾಸಿನಲ್ಲಿ. ಕ್ಷಯವೆಂದರೆ ಸ್ಯಾನಿಟೋರಿಯಂ, ಒಳ್ಳೆಯ ಗಾಳಿ, ಹಾಲು ಮೊಟ್ಟೆ, ತಿಂಗಳುಗಟ್ಟಲೆ ವಿಶ್ರಾಂತಿ ಎಂಬುದು ಆಗಿನ ನಂಬಿಕೆ. ಆದರೆ ದೇಶದಲ್ಲಿದ್ದ ಹಾಸಿಗೆಗಳು ರೋಗಿಗಳ ಸಂಖ್ಯೆಯ ಹತ್ತಿರಕ್ಕೂ ಬರುತ್ತಿರಲಿಲ್ಲ. 1956ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ಸಂಶೋಧನಾ ಮಂಡಳಿ ಕೂಡಿ ಅಲ್ಲೊಂದು ಕೇಂದ್ರ ತೆರೆದವು. ವ್ಯಾಲೇಸ್ ಫಾಕ್ಸ್ ಅದರ ಮುಂದಾಳು. ನಗರದ ಬಡ ಕುಟುಂಬಗಳ ರೋಗಿಗಳನ್ನು ಚೀಟಿಯ ಪ್ರಕಾರ ಎರಡು ಭಾಗ ಮಾಡಿದರು. ಎರಡೂ ಭಾಗದವರಿಗೆ ಒಂದು ವರ್ಷ ಅದೇ ಮದ್ದುಗಳು, ಐಸೊನಿಯಾಜಿಡ್ ಮತ್ತು ಪಾಸ್. ಒಂದು ಭಾಗ ಸ್ಯಾನಿಟೋರಿಯಂನಲ್ಲಿ, ಇನ್ನೊಂದು ತಮ್ಮ ಇಕ್ಕಟ್ಟಿನ ಮನೆಗಳಲ್ಲಿ.

ವೈದ್ಯರ ಆಯ್ಕೆಗೆ ಬಿಟ್ಟಿದ್ದರೆ ಬಹಳ ಹದಗೆಟ್ಟವರೆಲ್ಲ ಹಾಸಿಗೆಗೆ ಹೋಗುತ್ತಿದ್ದರು, ಲಿಂಡನ ಸಮುದ್ರದ ನೀರಿನ ಜೋಡಿಯಂತೆ. ಚೀಟಿ ಅದನ್ನು ತಡೆಯಿತು. 1959ರಲ್ಲಿ ಪ್ರಕಟವಾದ ಫಲ: ವರ್ಷದ ಕೊನೆಗೆ ರೋಗ ತಣಿದವರು ಸ್ಯಾನಿಟೋರಿಯಂನಲ್ಲಿ ನೂರಕ್ಕೆ 92, ಮನೆಯಲ್ಲಿ 86. ಸ್ಯಾನಿಟೋರಿಯಂನವರು ಚೆನ್ನಾಗಿ ಉಂಡರು, ಹೆಚ್ಚು ತೂಕ ಹಾಕಿಕೊಂಡರು. ಮನೆಯವರು ಅರೆಹೊಟ್ಟೆಯಲ್ಲಿದ್ದೂ ದುಡಿದರು, ಆದರೂ ಗುಣವಾದರು. ಮನೆಮಂದಿಗೆ ರೋಗ ಹರಡೀತೆಂಬ ಭಯ ಉಳಿದಿತ್ತು. ಎರಡೂ ಗುಂಪುಗಳ ಮನೆಯವರನ್ನು ಐದು ವರ್ಷ ಗಮನಿಸಿ ನೋಡಿದರು. ರೋಗಿ ಮನೆಯಲ್ಲೇ ಉಳಿದದ್ದರಿಂದ ಅವರಿಗೆ ಅಪಾಯ ಹೆಚ್ಚಿರಲಿಲ್ಲ.

ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿ ರೂಪುಗೊಂಡು 1962ರಲ್ಲಿ ದೇಶಕ್ಕೆ ಹೊರಟ ಜಿಲ್ಲಾ ಕ್ಷಯ ಕಾರ್ಯಕ್ರಮದಲ್ಲಿ ರೋಗಿಯನ್ನು ಊರು ಬಿಡಿಸುವ ಮಾತಿರಲಿಲ್ಲ. ಹತ್ತಿರದ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ, ತಿಂಗಳಿಗಾಗುವಷ್ಟು ಮಾತ್ರೆ ಪಡೆದು, ಅವನು ಮನೆಗೆ ಹೋಗುತ್ತಿದ್ದ.